ಶಿರಸಿಯ ಅತ್ತೆಗೂ ಅವರ ಬೆಕ್ಕುಗಳಿಗೂ ದೀಪಾವಳಿಗೆ ಏನು ಒಯ್ಯಲಿ?

ಕೋಡಿಬಾಗದವಳು:

ಎಲ್ಲರಿಗೂ ನಮಸ್ಕಾರ. ಈ ಸಲ ದೊಡ್ಡಬ್ಬಕ್ಕೆ ಸೋದರತ್ತೆ ಮನೆಗೆ ಹೊರಟಿದ್ದೇನೆ. ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ಬಸ್ಸಿನಿಂದ ಇಳಿದು ತೋಟದ ದಾರಿಯಲ್ಲಿ ಸ್ವಲ್ಪ ನಡೆಯಬೇಕು. ಅತ್ತೆ, ಮಾವ ಇಬ್ಬರೇ ಇರುವುದು. ಮಕ್ಕಳು ಬೆಂಗಳೂರಿನಲ್ಲಿ.

ಅತ್ತೆಗೆ ಏನು ಒಯ್ಯುವುದು ಎಂಬುದೇ ನನ್ನ ತಲೆಬಿಸಿ. ಸೀರೆ ಕೊಟ್ಟರೆ ಬೀರುವಿಗೆ ಹೋಗುತ್ತದೆ, ಅಲ್ಲೇ ಇರುತ್ತದೆ. ಮಿಕ್ಸರ್ ಕೊಟ್ಟರೆ ಒರಳೇ ಸಾಕಿತ್ತು ಅನ್ನುತ್ತಾರೆ. ಅವರಿಗೆ ಈಗ ನಿಜವಾಗಿ ಬೇಕಾಗಿರುವುದು ಬೆಕ್ಕು ಮಾತ್ರ. ಮೂರಿವೆ. ಶುಂಠಿ ಅಂತ ಒಂದು ಮುದಿ ಮಾಳ, ಅಂದರೆ ಗಂಡು ಬೆಕ್ಕು, ಕೆಂಚು ಬಣ್ಣದ್ದು, ಹಲ್ಲು ಅರ್ಧ ಹೋಗಿದೆ. ಬೊಗ್ಗಿ ಅಂತ ಹೆಣ್ಣು, ಅದು ವರ್ಷವಿಡೀ ಬಸುರಿ ಇಲ್ಲವೇ ಬಾಣಂತಿ. ಅದರ ಒಂದು ಮರಿ ಇನ್ನೂ ಮನೆಯಲ್ಲೇ ಇದೆ, ಹೆಸರಿಟ್ಟಿಲ್ಲ. ಫೋನ್ ಮಾಡಿದರೆ ಮಾವನ ಬಿಪಿ ಬಗ್ಗೆ ಒಂದು ಮಾತು, ಶುಂಠಿಯ ಹಲ್ಲಿನ ಬಗ್ಗೆ ಹತ್ತು ಮಾತು.

ಹೋದ ವರ್ಷ ಗೋಪೂಜೆ ದಿನ ದನಗಳಿಗೆಲ್ಲ ಶೇಡಿ, ಕೆಮ್ಮಣ್ಣು ಬಳಿದು, ಸಿಂಗಾರ, ಅಡಿಕೆ, ಚೆಂಡುಹೂವಿನ ಹಾರ ಹಾಕಿ ಓಡಿಸುವಾಗ ಅತ್ತೆ ಮುಖ ಊದಿಸಿಕೊಂಡು ಹೇಳಿದ್ದು: "ದನಕ್ಕೆ ಹಾರ, ಶುಂಠಿಗೆ ಎಂತೂ ಇಲ್ಲೆ." ತಮಾಷೆಯೇ. ಆದರೆ ಪೂರ್ತಿ ತಮಾಷೆ ಅಲ್ಲ.

ಆನ್‌ಲೈನಿನಲ್ಲಿ ಹುಡುಕಿದೆ. ಬೆಕ್ಕಿನ ಲಂಗ, ಗೆಜ್ಜೆ ಕಟ್ಟಿದ ಪಟ್ಟಿ, ಬ್ಯಾಟರಿ ಹಾಕಿದರೆ ತಾನೇ ಉರುಳುವ ಚೆಂಡು, ಕೆಂಪು ಬೆಳಕಿನ ಲೇಸರ್, ಬೆಕ್ಕಿನ ಚಿತ್ರದ ಮಗ್. ಏನು ತೆಗೆದುಕೊಳ್ಳುವುದು, ಏನು ಬಿಡುವುದು ಗೊತ್ತಾಗುತ್ತಿಲ್ಲ. ಎರಡು ಸಾವಿರದ ಒಳಗೆ ಮುಗಿಸಬೇಕು. ಮನೆ ಶುದ್ಧ ಸಸ್ಯಾಹಾರಿ. ಬೆಕ್ಕಿಗೂ ಹಾಲು ಅನ್ನವೇ, ಅದನ್ನು ನೆನಪಿಟ್ಟು ಹೇಳಿ. ಕಾರವಾರದಿಂದ ಬಸ್ಸಿನಲ್ಲಿ ಹೋಗುವುದು, ಕಾರಿಲ್ಲ.

ಸುಮ್ನೆ_ಕೇಳ್ದೆ:

ಬೆಕ್ಕಿಗೆ ಉಡುಗೊರೆ! ಮಿಕ್ಸರ್ ಬಂದ ರಟ್ಟಿನ ಪೆಟ್ಟಿಗೆ ಇದೆಯಾ ಮನೆಯಲ್ಲಿ? ಅದನ್ನು ಕೊಡಿ. ಒಳಗಿನ ಮಿಕ್ಸರಿಗಿಂತ ಬೆಕ್ಕಿಗೆ ಅದೇ ಇಷ್ಟ. ಎರಡು ಸಾವಿರ ಉಳಿಯಿತು. ಹಬ್ಬದ ಶುಭಾಶಯ.

ಔಷಧಿ ಅಂಗಡಿ ಅಕ್ಕ:

ಮೇಲಿನವರು ತಮಾಷೆಗೆ ಹೇಳಿರಬಹುದು, ಹೇಳಿದ್ದು ಮಾತ್ರ ಸರಿ. ನೆದರ್‌ಲ್ಯಾಂಡ್ಸ್‌ನ ಉತ್ರೆಕ್ಟ್‌ನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2014ರಲ್ಲಿ ಪ್ರಕಟವಾಯಿತು. ಪ್ರಾಣಿಗಳ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕವು ಬೇಗ ಹೊಂದಿಕೊಂಡವು. ಬೆಕ್ಕಿಗೆ ಮೊದಲು ಬೇಕಾದದ್ದು ಜಾಗ, ಆಟಿಕೆ ಆಮೇಲೆ.

ನಾನು ಕುಮಟಾದಲ್ಲಿ ದನ, ನಾಯಿ, ಬೆಕ್ಕಿನ ಔಷಧಿ ಅಂಗಡಿಯಲ್ಲಿ ಕೂರುವವಳು. ಹಬ್ಬದ ಮುಂಚೆ ಜನ ಏನು ಕೊಳ್ಳುತ್ತಾರೆ ಅಂತಲೂ ನೋಡುತ್ತೇನೆ, ಹಬ್ಬದ ಮರುದಿನ ಏನು ಕೇಳಿಕೊಂಡು ಓಡಿ ಬರುತ್ತಾರೆ ಅಂತಲೂ ನೋಡುತ್ತೇನೆ. ಹಾಗಾಗಿ ಬೇಡದ್ದನ್ನೇ ಮೊದಲು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲಂಗ ಬೇಡ. ಬಟ್ಟೆ ಹಾಕಿದ ಬೆಕ್ಕು ಕಲ್ಲಿನ ಹಾಗೆ ಕೂತುಬಿಡುತ್ತದೆ. ಜನ ಅದನ್ನು ಫೋಟೋಕ್ಕೆ ಪೋಸು ಅಂದುಕೊಳ್ಳುತ್ತಾರೆ. ಪಾಪ ಅದು ಹೆದರಿ ಮರಗಟ್ಟಿರುತ್ತದೆ. ಗೆಜ್ಜೆಯೂ ಬೇಡ. ನಮ್ಮ ಕಿವಿಗೆ ಕೇಳುವುದು 20,000 ಹರ್ಟ್ಸ್ ತನಕ, ಬೆಕ್ಕಿಗೆ 60,000ಕ್ಕೂ ಮೇಲೆ ಕೇಳುತ್ತದೆ. ಅಂಥ ಕಿವಿಯ ಬುಡದಲ್ಲಿ ದಿನವಿಡೀ ಗಲಗಲ! ಕೊರಳಪಟ್ಟಿ ಬೇಕೇ ಬೇಕು ಅಂದರೆ ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಬಕಲಿನದು ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ. ತೋಟದ ಬೇಲಿ, ಅಟ್ಟದ ಮೊಳೆ, ಎಲ್ಲಾದರೂ ಸಿಕ್ಕಿ ಬೆಕ್ಕು ನೇತಾಡುವ ಹಾಗೆ ಆಗಬಾರದು.

ರಿಬ್ಬನ್, ಜರಿ, ದಾರ, ನೂಲಿನ ಉಂಡೆ ಯಾವುದೂ ಬೇಡ. ಕ್ಯಾಲೆಂಡರಿನಲ್ಲಿ ಬೆಕ್ಕು ನೂಲಿನ ಉಂಡೆ ಹಿಡಿದು ಆಡುವ ಚಿತ್ರ ಇರುತ್ತದಲ್ಲ, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಬೆಕ್ಕಿನ ನಾಲಿಗೆ ಕೈಗೆ ತಾಗಿದರೆ ಗರಗರ ಅನ್ನುವುದು ಯಾಕೆ? ಅದರ ಮೇಲೆ ಸಣ್ಣ ಮುಳ್ಳುಗಳಿವೆ, ಎಲ್ಲವೂ ಗಂಟಲಿನ ಕಡೆ ಬಾಗಿವೆ. ಒಮ್ಮೆ ದಾರ ನಾಲಿಗೆಗೆ ಸಿಕ್ಕಿತೋ, ಉಗುಳಲು ಆಗುವುದಿಲ್ಲ, ಒಳಗೇ ಹೋಗುತ್ತದೆ. ಒಂದು ತುದಿ ನಾಲಿಗೆ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ಆ ದಾರದ ಮೇಲೆ ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ, ಹರಿದೂ ಹೋಗುತ್ತದೆ. ಆಮೇಲೆ ಆಪರೇಷನ್ನೇ. ಹಬ್ಬದ ಮನೆಯಲ್ಲಿ ಹಾರದ ದಾರ, ಬಾಳೆನಾರು, ಸ್ವೀಟ್ ಡಬ್ಬಿಗೆ ಸುತ್ತಿದ ಜರಿದಾರ ಎಲ್ಲ ನೆಲದ ಮೇಲೇ ಬಿದ್ದಿರುತ್ತದೆ, ಅಲ್ವಾ? ಅದನ್ನು ಹೆಕ್ಕಿ ತೆಗೆಯಿರಿ. ಇನ್ನೊಂದು ಮಾತು: ಬೆಕ್ಕಿನ ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಲೇಬಾರದು. ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗುವುದು.

ಹೂಗುಚ್ಛ ಒಯ್ಯುವ ಯೋಚನೆ ಇದ್ದರೆ ಲಿಲ್ಲಿ ಇರಬಾರದು. ಬೆಕ್ಕಿಗೆ ಅದು ಕಡು ವಿಷ. ಎಲೆ ಕಚ್ಚಬೇಕೆಂದೇ ಇಲ್ಲ, ಪರಾಗ ಮೈಗೆ ಉದುರಿ ನೆಕ್ಕಿಕೊಂಡರೂ ಎರಡು ಮೂರು ದಿನದಲ್ಲಿ ಕಿಡ್ನಿ ಹೋಗುತ್ತದೆ. ಚೆಂಡುಹೂವಿಗೆ ಆ ತೊಂದರೆ ಇಲ್ಲ. ಲೇಸರ್ ದೀಪವೂ ನನಗೆ ಸೇರುವುದಿಲ್ಲ. ಎಷ್ಟು ಓಡಿದರೂ ಕೈಗೆ ಏನೂ ಸಿಗುವುದಿಲ್ಲ, ಬೆಕ್ಕಿಗೆ ಸುಮ್ನೆ ಸಿಟ್ಟು ಬರುತ್ತದೆ.

ಈಗ ಬೇಕಾದದ್ದು. ಅತ್ತೆ ಮನೆಯಲ್ಲಿ ಕುರ್ಚಿ, ಬಾಗಿಲ ಚೌಕಟ್ಟು ಗೀರಿ ಹಾಳಾಗಿದೆಯಾ? ಆಗಿರಲೇಬೇಕು. ಹಾಗಿದ್ದರೆ ಉಗುರು ಪರಚುವ ಕಂಬ ಕೊಡಿ. ಬೆಕ್ಕು ಪರಚುವುದು ಪುಂಡಾಟಕ್ಕಲ್ಲ. ಉಗುರಿನ ಹಳೆಯ ಪೊರೆ ಕಳಚಬೇಕು, ಬೆನ್ನು ನೀಳ ಮಾಡಬೇಕು, ಅಂಗಾಲಿನ ವಾಸನೆ ಬಿಟ್ಟು ಇದು ನನ್ನ ಜಾಗ ಅಂತ ಗುರುತು ಹಾಕಬೇಕು. ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಕಂಬ ಒಂದೂವರೆ ಅಡಿ ಇರುತ್ತದೆ. ಬೆಕ್ಕು ಮುಂಗಾಲು ಎತ್ತಿ ಪೂರ್ತಿ ಚಾಚಿದರೆ ಅದಕ್ಕಿಂತ ಉದ್ದ. ಒಂದು ಸಲ ಎಳೆದಾಗ ಕಂಬ ಅಲುಗಿದರೂ ಸಾಕು, ಮತ್ತೆ ಮೂಸಿಯೂ ನೋಡುವುದಿಲ್ಲ, ವಾಪಸ್ ಕುರ್ಚಿಗೇ ಹೋಗುತ್ತದೆ. ಮೂರು ಅಡಿ ಎತ್ತರ, ಭಾರದ ಬುಡ, ಒರಟು ಹಗ್ಗ. ಈ ಮೂರಿದ್ದರೆ ಬಣ್ಣ ಯಾವುದಾದರೂ ಆಗುತ್ತದೆ. ಇಡುವುದು ಮೂಲೆಯಲ್ಲಿ ಅಲ್ಲ, ಈಗ ಪರಚುತ್ತಿರುವ ಕುರ್ಚಿಯ ಪಕ್ಕದಲ್ಲೇ.

ಎರಡನೆಯದು, ಬೆಕ್ಕನ್ನು ಒಯ್ಯುವ ಡಬ್ಬಿ. ಗಟ್ಟಿ ಪ್ಲಾಸ್ಟಿಕ್ಕಿನದು, ಮುಂದಿನ ಬಾಗಿಲ ಜೊತೆ ಮೇಲಿನಿಂದಲೂ ತೆರೆಯುವಂಥದ್ದು. ನಮ್ಮ ಕಡೆ ಇವತ್ತಿಗೂ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಆಸ್ಪತ್ರೆಗೆ ತರುತ್ತಾರೆ. ಬರುವವರ ಕೈಯೆಲ್ಲ ರಕ್ತ. ಆಮೇಲೆ ಮುಂದಿನ ಸಲ ಕಾಯಿಲೆ ಬಿದ್ದರೆ, ಹಿಡಿಯುವುದೇ ಕಷ್ಟ, ಬಿಡಿ ಅಂತ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಮುದಿ ಬೆಕ್ಕಿರುವ ಮನೆಗೆ ಈ ಡಬ್ಬಿಗಿಂತ ದೊಡ್ಡ ಉಡುಗೊರೆ ನನಗಂತೂ ಗೊತ್ತಿಲ್ಲ. ಆದರೆ ಅದನ್ನು ಅಟ್ಟಕ್ಕೆ ಹಾಕಿ ಆಸ್ಪತ್ರೆಗೆ ಹೋಗುವ ದಿನ ಇಳಿಸಬಾರದು. ಬಾಗಿಲು ತೆಗೆದು, ಒಳಗೆ ಅತ್ತೆಯ ಹಳೆಯ ಸೀರೆಯ ತುಂಡು ಹಾಸಿ, ಜಗುಲಿಯಲ್ಲೇ ಇಟ್ಟಿರಿ. ಕೆಲವು ವಾರದಲ್ಲಿ ಶುಂಠಿ ಅದರೊಳಗೇ ಮಲಗುತ್ತದೆ ನೋಡಿ.

ಬೇಲೆಕೇರಿ ಬೋಟ್:

ಅಕ್ಕ ಇಷ್ಟೆಲ್ಲ ಬರೆದು ಮೀನಿನ ಹೆಸರೇ ಎತ್ತಲಿಲ್ಲವಲ್ಲ! ಬೆಕ್ಕಿನ ಹಬ್ಬ ಅಂದರೆ ತಾರ್ಲೆ ಮಾರಾಯ್ರೇ. ಜೂನ್, ಜುಲೈ 61 ದಿನ ಯಾಂತ್ರಿಕ ಬೋಟಿಗೆ ಬಂದ್ ಇರುತ್ತದಲ್ಲ, ಆಗ ನಮ್ಮ ಧಕ್ಕೆಯ ಬೆಕ್ಕುಗಳ ಮುಖ ನೋಡಬೇಕು. ಆಗಸ್ಟಿನಲ್ಲಿ ಮೊದಲ ಬೋಟ್ ಬಂದ ದಿನವೇ ಅವಕ್ಕೆ ದೀಪಾವಳಿ.

ಮೀನು ಕೊಡುವವರಿಗೆ ಎರಡು ಮಾತು. ತಾರ್ಲೆ ಹಸಿಯಾಗಿ ದಿನಾ ಕೊಡಬಾರದು. ಹಸಿ ತಾರ್ಲೆಯಲ್ಲಿ ಬಿ1 ವಿಟಮಿನ್ ಹಾಳುಮಾಡುವ ಒಂದು ಅಂಶ ಇದೆ, ಬೇಯಿಸಿದರೆ ಅದು ಹೋಗುತ್ತದೆ. ಉಪ್ಪು ಹಾಕದೆ ನೀರಿನಲ್ಲಿ ಬೇಯಿಸಿ, ನಡುಮುಳ್ಳು ತೆಗೆದು ಕೊಡಿ. ನಮ್ಮ ತಟ್ಟೆಯ ಸಾರಿನ ಮೀನು ಬೇಡ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ಬೆಕ್ಕಿಗೆ ಅವೆರಡೂ ರಕ್ತ ಕೆಡಿಸುತ್ತವೆ. ಕುಮಟಾ ಈರುಳ್ಳಿ ಎಷ್ಟು ಸಿಹಿ ಇದ್ದರೂ ಬೆಕ್ಕಿಗೆ ಈರುಳ್ಳಿಯೇ. ಒಣಮೀನು ಬರೀ ಉಪ್ಪು, ಅದೂ ಬೇಡ.

ಅಕ್ಕ ದಾರದ ಬಗ್ಗೆ ಹೇಳಿದ್ದಕ್ಕೆ ನಂದೊಂದು ಸೇರಿಸಿ. ಗಾಳ ಕಟ್ಟುವ ನೈಲಾನ್ ದಾರ, ಹರಿದ ಬಲೆಯ ಚೂರು, ಮೀನಿನ ವಾಸನೆ ಇರುವ ಯಾವುದನ್ನೂ ಬೆಕ್ಕು ಬಿಡುವುದಿಲ್ಲ. ಗಾಳವನ್ನೇ ನುಂಗಿದ ಬೆಕ್ಕು ನೋಡಿದ್ದೇನೆ. ಕರಾವಳಿಯಲ್ಲಿ ಬೆಕ್ಕು ಸಾಕಿದವರಿಗೆ ಉಡುಗೊರೆ ಕೊಡುವುದಾದರೆ ಮುಚ್ಚಳ ಇರುವ ಒಂದು ಡಬ್ಬ ಕೊಡಿ, ಗಾಳ ಹಾಕಿಡಲು.

ಕೋಡಿಬಾಗದವರೇ, ಬಸ್ಸು ಅಂಕೋಲಾ ಮೇಲೇ ಹೋಗುತ್ತದಲ್ಲ, ಸ್ಟ್ಯಾಂಡಿಗೆ ಒಂದು ಕಿಲೋ ತಾರ್ಲೆ ತಂದು ಕೊಡಲಾ?

ಕೋಡಿಬಾಗದವಳು:

ಅಯ್ಯೋ ಬೇಡ! ಅತ್ತೆ ಮನೆಗೆ ತಾರ್ಲೆ ಹೊತ್ತುಕೊಂಡು ಹೋದರೆ ಬೆಕ್ಕಿನ ಜೊತೆ ನನ್ನನ್ನೂ ಕೊಟ್ಟಿಗೆಯಲ್ಲೇ ಮಲಗಿಸುತ್ತಾರೆ. ನಿಮ್ಮ ಪ್ರೀತಿಗೆ ಥ್ಯಾಂಕ್ಸ್.

ಅಕ್ಕ, ನೀವು ಹೇಳಿದ್ದರಲ್ಲಿ ಡಬ್ಬಿ ಮನಸ್ಸಿಗೆ ಹಿಡಿಸಿತು. ಮೀನಿನ ಮಾತು ಬಂತು ಅಂತ ಕೇಳುತ್ತೇನೆ. ಹಾಲು ಅನ್ನ, ಮೊಸರನ್ನ ತಿಂದುಕೊಂಡು ಆ ಮನೆಯಲ್ಲಿ ತಲೆಮಾರಿನಿಂದ ಬೆಕ್ಕುಗಳು ಬದುಕಿವೆ. ಅದು ಸಾಲುವುದಿಲ್ಲವೇ? ಹಬ್ಬಕ್ಕೆ ಅಂತ ಅತ್ತೆ ಶುಂಠಿಗೆ ಹೋಳಿಗೆ ಕೊಡುವುದನ್ನೂ ಕಂಡಿದ್ದೇನೆ.

ಔಷಧಿ ಅಂಗಡಿ ಅಕ್ಕ:

ಹೋಳಿಗೆ ಶುಂಠಿಗೆ ಏನೂ ಅಲ್ಲ. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಒಂದು ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟಿದೆ, 2005ರಲ್ಲಿ ಇದನ್ನು ಕಂಡುಹಿಡಿದರು. ಅದು ನೆಕ್ಕುವುದು ತುಪ್ಪಕ್ಕೆ.

ತಲೆಮಾರಿನಿಂದ ಬದುಕಿದ್ದು ಹಾಲು ಅನ್ನದಿಂದ ಅಲ್ಲ ತಂಗಿ, ಅಟ್ಟದ ಇಲಿಯಿಂದ. ಬೆಕ್ಕು ಮಾಂಸ ತಿನ್ನಲೇಬೇಕಾದ ಪ್ರಾಣಿ. ಟೌರಿನ್ ಅಂತ ಒಂದು ಅಂಶ ಅದರ ಕಣ್ಣಿಗೂ ಹೃದಯಕ್ಕೂ ಬೇಕು. ನಮ್ಮ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈ ಬೇಕಾದಷ್ಟು ಮಾಡಿಕೊಳ್ಳುವುದಿಲ್ಲ. ಇದು ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಅಂತ 1987ರಲ್ಲಿ ಗೊತ್ತಾಯಿತು. ಅಲ್ಲಿಂದ ಬೆಕ್ಕಿನ ಆಹಾರಕ್ಕೆ ಕಂಪನಿಗಳು ಟೌರಿನ್ ಜಾಸ್ತಿ ಸೇರಿಸಲು ಶುರು ಮಾಡಿದವು. ಇಲಿಯಲ್ಲಿ ಅದು ಇದೆ, ಅನ್ನದಲ್ಲಿ ಇಲ್ಲ. ಬೊಗ್ಗಿ ಇಲಿ ಹಿಡಿಯುತ್ತದೆ, ಅದಕ್ಕೆ ತೊಂದರೆ ಇಲ್ಲ. ಅರ್ಧ ಹಲ್ಲು ಹೋದ ಶುಂಠಿಗೆ ಯಾರು ಹಿಡಿದುಕೊಡುತ್ತಾರೆ?

ಹಾಗಾಗಿ ಬೆಕ್ಕಿನದೇ ಆಹಾರದ ಪ್ಯಾಕೆಟ್ ಒಂದು ಒಯ್ಯಿರಿ. ಹಿಂದೆ ಟೌರಿನ್ ಅಂತ ಬರೆದಿದೆಯಾ ನೋಡಿ. ನಾಯಿಯದು ಅಗ್ಗ ಅಂತ ಅದನ್ನು ತರಬೇಡಿ, ಬೆಕ್ಕಿಗೆ ಬೇಕಾದಷ್ಟು ಟೌರಿನ್ ಅದರಲ್ಲಿ ಇರುವುದಿಲ್ಲ. ಹಲ್ಲಿಲ್ಲದ ಬೆಕ್ಕಿಗೆ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ. ಒಂದೇ ದಿನ ಬದಲಿಸಿದರೆ ಭೇದಿ ಆಗುತ್ತದೆ. ಹಾಲು ಅನ್ನದ ಜೊತೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಹೋಗಬೇಕು.

ತೋಟದಮನೆ:

ನಮ್ಮದೂ ಹವ್ಯಕರ ಮನೆಯೇ, ಸಿದ್ದಾಪುರ ಕಡೆ. ಬೆಕ್ಕಿನ ಪ್ಯಾಕೆಟ್ ಒಳಗೆ ಬರುವುದಿಲ್ಲ ಅಂತ ಅಮ್ಮ ಹಟ ಹಿಡಿದಿದ್ದರು. ಕೊನೆಗೆ ಒಂದು ಒಪ್ಪಂದ ಆಯಿತು. ಅಡುಗೆಮನೆಗೆ ಬೇಡ, ಕೊಟ್ಟಿಗೆಯ ಅಟ್ಟದಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇರಲಿ. ತಟ್ಟೆ ಬೇರೆ, ತೊಳೆಯುವುದು ದನದ ಬಾನಿಯ ಹತ್ತಿರ. ದನಕ್ಕೆ ಹಿಂಡಿ ಇದ್ದ ಹಾಗೆ ಬೆಕ್ಕಿಗೆ ಇದು ಅಂದೆ. ಅಮ್ಮ ಒಪ್ಪಿದರು. ಈಗ ಅವರೇ ಡಬ್ಬ ಅಲುಗಾಡಿಸಿ ಕರೆಯುತ್ತಾರೆ. ಇರುವೆ ಬರುತ್ತದೆ, ಅಗಲ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಬೆಕ್ಕಿನ ಬಟ್ಟಲು ಇಡಿ.

ನನಗೆ ನಗು ಬಂದದ್ದು ಕಂಬದ ವಿಷಯಕ್ಕೆ. ಕಾರವಾರದಿಂದ ಶಿರಸಿಗೆ ಕಂಬ ಹೊತ್ತುಕೊಂಡು ಹೋಗುವುದೇ? ಅತ್ತೆಯ ತೋಟದಲ್ಲಿ ಬಿದ್ದ ಅಡಿಕೆ ಮರ ಇದ್ದೇ ಇರುತ್ತದೆ. ನೀವು ಹಗ್ಗ ಮಾತ್ರ ಒಯ್ಯಿರಿ, ಕತ್ತದ ಹಗ್ಗ, ಬೆರಳಿಗಿಂತ ಸ್ವಲ್ಪ ಸಪೂರದ್ದು. ಒಣಗಿದ ಮರದಲ್ಲಿ ಮೂರು ಅಡಿ ಕೊಯ್ದು, ಒಂದು ತುದಿಯನ್ನು ಅಗಲ ಹಲಗೆಗೆ ಕೆಳಗಿನಿಂದ ಉದ್ದ ಸ್ಕ್ರೂ ಹಾಕಿ ನಿಲ್ಲಿಸಿ. ಹಲಸಿನ ಹಲಗೆ ಇದ್ದರೆ ಒಳ್ಳೆಯದು, ಭಾರ ಇರುತ್ತದೆ. ಬುಡದಿಂದ ಶುರುಮಾಡಿ ಸಂದು ಬಿಡದೆ ಸುತ್ತುತ್ತ ಹೋಗುವುದು. ಪ್ರತಿ ನಾಲ್ಕೈದು ಸುತ್ತಿಗೊಮ್ಮೆ ಮರದ ತುಂಡಿನಿಂದ ಹಗ್ಗವನ್ನು ಕೆಳಕ್ಕೆ ಬಡಿದು ಕೂರಿಸಿ. ತುದಿಯನ್ನು ಒಳಗೆ ತುರುಕಿ ಮೊಳೆ ಹೊಡೆಯಿರಿ, ಮೊಳೆಯ ತಲೆ ಹೊರಗೆ ಕಾಣಬಾರದು. ನಾಲ್ಕೂವರೆ ಇಂಚು ದಪ್ಪದ ಮರಕ್ಕೆ ಎಂಟು ಮಿಲಿಮೀಟರ್ ಹಗ್ಗ ಅಂದರೆ 40 ಮೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಮಾವನಿಗೂ ಹಬ್ಬದ ದಿನ ಒಂದು ಕೆಲಸ ಸಿಕ್ಕ ಹಾಗಾಯಿತು. ಮಳೆಗಾಲದಲ್ಲಿ ಹಗ್ಗಕ್ಕೆ ಬೂಸಲು ಬರುತ್ತದೆ, ಬಿಸಿಲು ಕಂಡಾಗ ಅಂಗಳಕ್ಕೆ ಇಟ್ಟರಾಯಿತು.

ಮಲಗಲು ಅಡಿಕೆ ಹಾಳೆಯೇ ಸಾಕು. ದೊಡ್ಡ ಹಾಳೆ ನೆನೆಸಿ, ಎರಡೂ ತುದಿ ಮಡಚಿ ಕಡ್ಡಿ ಚುಚ್ಚಿದರೆ ದೋಣಿಯ ಹಾಗೆ ಆಗುತ್ತದೆ. ಅದರಲ್ಲಿ ಹಳೆಯ ಬಟ್ಟೆ ಹಾಸಿ ಎತ್ತರದ ಕಡೆ ಇಡಿ. ಅಂಗಡಿಯ ಹಾಸಿಗೆಗೆ ಹೊಸ ವಾಸನೆ ಇರುತ್ತದೆ, ನಮ್ಮ ಬೆಕ್ಕು ಅದರ ಮೇಲೆ ಮಲಗಲೇ ಇಲ್ಲ.

ಆಟಕ್ಕೆ ಕ್ಯಾಟ್‌ನಿಪ್ ಅಂತ ಒಣ ಎಲೆ ತುಂಬಿದ ಗೊಂಬೆ ಸಿಗುತ್ತದೆ. ಮೂರರಲ್ಲಿ ಎರಡು ಬೆಕ್ಕಿಗೆ ಅದು ಹುಚ್ಚು ಹಿಡಿಸುತ್ತದೆ, ಉಳಿದವು ತಿರುಗಿಯೂ ನೋಡುವುದಿಲ್ಲ. ಹುಟ್ಟುಗುಣ ಅದು. ಸಣ್ಣ ಮರಿಗೆ ಏನೂ ಆಗುವುದಿಲ್ಲ. ನಮ್ಮ ಅಂಗಳದ ಕುಪ್ಪಿಗಿಡ ಗೊತ್ತಲ್ಲ? ಕಳೆ ಕೀಳುವಾಗ ಅದರ ಬೇರು ಕಿತ್ತು ಹಾಕಿ ನೋಡಿ. ಬೆಕ್ಕು ಬಂದು ಬೇರನ್ನು ಅಪ್ಪಿಕೊಂಡು, ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ ಹೊರಳಾಡುತ್ತದೆ. ಸ್ವಲ್ಪ ಹೊತ್ತು ಆಡಲಿ, ಆಮೇಲೆ ತೆಗೆದುಬಿಡಿ. ತಿನ್ನಲು ಬಿಡಬೇಡಿ.

ಸುಮ್ನೆ_ಕೇಳ್ದೆ:

ರಟ್ಟಿನ ಪೆಟ್ಟಿಗೆ, ಅಡಿಕೆ ಹಾಳೆ, ಬಿದ್ದ ಮರ, ಕಳೆ ಗಿಡದ ಬೇರು. ಬೆಕ್ಕಿಗೆ ಪುಕ್ಕಟೆ ಆಯಿತು. ಅತ್ತೆಗೆ ಏನು? ಅದನ್ನು ಯಾರೂ ಹೇಳುತ್ತಿಲ್ಲ. ಮಗ್ ಕೊಡಿ ಅತ್ಲಾಗೆ.

ಔಷಧಿ ಅಂಗಡಿ ಅಕ್ಕ:

ಮಗ್ ಬೇಡ. ಬೆಕ್ಕು ಸಾಕಿದ ಪ್ರತಿಯೊಬ್ಬರ ಮನೆಯಲ್ಲೂ ಬೆಕ್ಕಿನ ಚಿತ್ರದ ಏನಾದರೂ ಒಂದು ಇರುತ್ತದೆ, ಯಾರೋ ಕೊಟ್ಟದ್ದು. ಅವರಿಗೆ ಬೇಕಾಗಿರುವುದು ತಮ್ಮ ಬೆಕ್ಕು, ಬೆಕ್ಕಿನ ಚಿತ್ರ ಅಲ್ಲ. ಚಿತ್ರವೇ ಆಗಬೇಕು ಅಂದರೆ ಶುಂಠಿಯದೇ ಒಂದು ಫೋಟೋ ತೆಗೆದು ಶಿರಸಿಯಲ್ಲಿ ಪ್ರಿಂಟ್ ಹಾಕಿಸಿ ಚೌಕಟ್ಟು ಕಟ್ಟಿಸಿ ಕೊಡಿ. ಮುದಿ ಬೆಕ್ಕು ಬೇರೆ. ಅದು ಇರುವಾಗಲೇ ತೆಗೆದರೆ ಒಳ್ಳೆಯದು.

ಬೆಕ್ಕು ಸಾಕಿದವರು ಬಿಟ್ಟುಕೊಟ್ಟದ್ದು ಏನು ಅಂತ ಯೋಚನೆ ಮಾಡಿ, ಅದನ್ನು ಕೊಡಿ. ನನ್ನ ಅಂಗಡಿಗೆ ಬರುವ ಎಷ್ಟೋ ಹೆಂಗಸರು ಹೇಳುವುದು ಒಂದೇ. ಮಗಳ ಮನೆಗೆ ಹೋಗಿ ನಾಲ್ಕು ದಿನ ಇರಲು ಆಗುವುದಿಲ್ಲ ಅಕ್ಕ, ಬೆಕ್ಕಿಗೆ ಯಾರು ಹಾಕುತ್ತಾರೆ? ದನಕ್ಕೆ ಆಳು ಸಿಗುತ್ತಾನೆ, ಬೆಕ್ಕಿಗೆ ಯಾರನ್ನು ಕೇಳುವುದು, ನಗುತ್ತಾರೆ. ನಿಮ್ಮ ಅತ್ತೆ ಬೆಂಗಳೂರಿಗೆ ಹೋಗಿ ಎಷ್ಟು ಕಾಲವಾಯಿತು, ಕೇಳಿದ್ದೀರಾ? ನನಗೆ ರಜೆ ಇರುವಾಗ ನಾನೇ ಬಂದು ಇದ್ದು ಬೆಕ್ಕು ನೋಡಿಕೊಳ್ಳುತ್ತೇನೆ, ನೀವೂ ಮಾವನೂ ಹೋಗಿ ಬನ್ನಿ ಅಂತ ಅತ್ತೆಗೆ ತಾರೀಕು ಹಾಕಿ ಹೇಳಿ. ಬಾಯಿಮಾತಿಗೆ ಯಾವಾಗಲಾದರೂ ಬರುತ್ತೇನೆ ಅನ್ನುವುದು ಉಡುಗೊರೆ ಅಲ್ಲ. ರೈಲಿನ ಟಿಕೆಟೇ ತೆಗೆದು ಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಬೊಗ್ಗಿಯ ಆಪರೇಷನ್. ವರ್ಷವಿಡೀ ಬಸುರಿ ಅಂದಿರಿ. ಬೆಕ್ಕಿನ ಗರ್ಭ ಒಂಬತ್ತು ವಾರ ಅಷ್ಟೇ, ಮರಿ ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸುರಿ ಆಗುತ್ತದೆ. ಪ್ರತಿ ಸಲ ಮರಿಗಳಿಗೆ ಮನೆ ಹುಡುಕುವುದು ಅತ್ತೆ. ಸಿಗದಿದ್ದರೆ ಸಂಕಟ ಪಡುವುದೂ ಅತ್ತೆ. ಮರಿ ಹಾಲು ಬಿಟ್ಟ ಮೇಲೆ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿ, ಹೊಸ ಡಬ್ಬಿಯಲ್ಲೇ ಕರೆದುಕೊಂಡು ಹೋಗಿ, ಖರ್ಚು ನೀವು ಕೊಡಿ. ಮೂರಕ್ಕೂ ರೇಬೀಸ್ ಲಸಿಕೆ ಆಗಿದೆಯಾ ಅಂತ ಅವತ್ತೇ ಕೇಳಿಬಿಡಿ. ಆದರೆ ದಯವಿಟ್ಟು ಹೊಸ ಮರಿ ತಂದು ಸರ್‌ಪ್ರೈಸ್ ಕೊಡಬೇಡಿ. ಹಬ್ಬದ ಗದ್ದಲ, ಹೊಸ ಮನೆ, ಗುರ್ರ್ ಅನ್ನುವ ಹಳೆಯ ಬೆಕ್ಕುಗಳು. ಯಾರಿಗೂ ಸುಖ ಇಲ್ಲ.

ನಾಯಿಗೆ ಬಿಡುವ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಾಕಲೇಬಾರದು, ಇದನ್ನು ಅತ್ತೆಗೆ ಹೇಳಿ. ಮಲೆನಾಡಿನಲ್ಲಿ ಉಣುಗು ಜಾಸ್ತಿ, ಜನ ಅರ್ಧ ನಾಯಿಗೆ ಅರ್ಧ ಬೆಕ್ಕಿಗೆ ಮಾಡುತ್ತಾರೆ. ಅವುಗಳಲ್ಲಿ ಕೆಲವದರಲ್ಲಿ ಪರ್ಮೆತ್ರಿನ್ ಇರುತ್ತದೆ, ಬೆಕ್ಕು ಅದುರಿ ಅದುರಿ ಸಾಯುತ್ತದೆ. ಮನುಷ್ಯರ ಜ್ವರದ ಪ್ಯಾರಸಿಟಮಾಲ್ ಕೂಡ ಹಾಗೇ, ಒಂದು ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು. ಬೀರುವಿನಲ್ಲಿ ಸೀರೆ ಮಧ್ಯೆ ನುಸಿಗುಳಿಗೆ ಇಟ್ಟಿದ್ದರೆ ಬೆಕ್ಕನ್ನು ಅದರೊಳಗೆ ಮಲಗಲು ಬಿಡಬಾರದು.

ಪಟಾಕಿ ಹೊತ್ತಿಗೆ ಮೂರನ್ನೂ ಒಳಕೋಣೆಗೆ ಸೇರಿಸಿ, ನೀರು, ಮರಳಿನ ತಟ್ಟೆ, ಆ ರಟ್ಟಿನ ಪೆಟ್ಟಿಗೆ ಇಟ್ಟು ಬಾಗಿಲು ಹಾಕಿ. ರಾತ್ರಿ 8ರಿಂದ 10ರವರೆಗೆ ಮಾತ್ರ ಹೊಡೆಯಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಪಕ್ಕದ ಮನೆ ಹುಡುಗರಿಗೆ ಅದನ್ನು ನೆನಪಿಸಬಹುದು. ಕೇಳುತ್ತಾರೋ ಬಿಡುತ್ತಾರೋ.

ಕೋಡಿಬಾಗದವಳು:

ಅಕ್ಕ, ಅತ್ತೆ ಬೆಂಗಳೂರಿಗೆ ಹೋದದ್ದು ಮೊಮ್ಮಗಳ ನಾಮಕರಣಕ್ಕೆ. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ನೀವು ಕೇಳಿದ ಮೇಲೆಯೇ ನನಗೂ ಹೊಳೆದದ್ದು.

ಹಾಗಾದರೆ ಹೀಗೆ ಮಾಡುತ್ತೇನೆ. ಡಬ್ಬಿ ಒಂದು, ಕತ್ತದ ಹಗ್ಗ, ಶುಂಠಿಗೆ ಒಂದು ಪ್ಯಾಕೆಟ್. ಎರಡು ಸಾವಿರದಲ್ಲಿ ಅಷ್ಟು ಆಗುತ್ತದೆ ಅನಿಸುತ್ತದೆ. ಬೊಗ್ಗಿಯ ಖರ್ಚು ಬೇರೆ, ಅದನ್ನು ಅಣ್ಣನ ತಲೆಗೆ ಕಟ್ಟುತ್ತೇನೆ, ಬೆಂಗಳೂರಿನಲ್ಲಿ ಕೂತು ಫೋಟೋಕ್ಕೆ ಲೈಕ್ ಕೊಡುವವನು ಅವನೇ. ಡಿಸೆಂಬರ್ ಕೊನೆಗೆ ನನಗೆ ರಜೆ ಇದೆ, ಆಗ ನಾನು ಹುಲೇಕಲ್ ಕಡೆ, ಅತ್ತೆ ಮಾವ ಬೆಂಗಳೂರಿಗೆ. ದನ ಕರೆಯಲು ಆಳು ಇದ್ದಾನೆ, ನನಗೆ ಬರುವುದಿಲ್ಲ.

ಒಂದೇ ಚಿಂತೆ. ಆ ಡಬ್ಬಿ ದೊಡ್ಡದು. ಹಬ್ಬದ ರಶ್‌ನಲ್ಲಿ ಬಸ್ಸಿಗೆ ಹತ್ತಿಸುತ್ತಾರಾ?

ತೋಟದಮನೆ:

ಹತ್ತಿಸುತ್ತಾರೆ. ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಇಲ್ಲ, ಡಬ್ಬಿಗೆ ಕೇಳಿದರೂ ಕೇಳಬಹುದು, ಚಿಲ್ಲರೆ ಇಟ್ಟುಕೊಳ್ಳಿ. ಕಾರವಾರದಲ್ಲೇ ಹತ್ತುವುದರಿಂದ ಡ್ರೈವರ್ ಹಿಂದಿನ ಜಾಗ ಹಿಡಿಯಬಹುದು. ಅಂಕೋಲಾ, ಕುಮಟಾದಲ್ಲಿ ಜನ ತುಂಬಿದರೆ ದೇವಿಮನೆ ಘಟ್ಟ ಮುಗಿಯುವ ತನಕ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಹೋಗಬೇಕಾಗುತ್ತದೆ, ತಯಾರಿರಿ. ಖಾಲಿ ಒಯ್ಯಬೇಡಿ, ಹಗ್ಗ ಮತ್ತು ನಿಮ್ಮ ಬಟ್ಟೆ ಅದರೊಳಗೇ ತುಂಬಿ. ಸೋಪು, ಊದುಬತ್ತಿ, ಅತ್ತರು ಮಾತ್ರ ಹಾಕಬೇಡಿ. ಆ ವಾಸನೆ ಹಿಡಿದರೆ ಶುಂಠಿ ಡಬ್ಬಿಯ ಹತ್ತಿರವೂ ಸುಳಿಯುವುದಿಲ್ಲ.

ಬೇಲೆಕೇರಿ ಬೋಟ್:

ಡಿಸೆಂಬರ್‌ನಲ್ಲಿ ಅತ್ತೆ ಊರಲ್ಲಿ ಇರುವುದಿಲ್ಲ ಅಂದಿರಿ. ಆಗ ತಾರ್ಲೆ ತಂದು ಕೊಡಲಾ?